ಬಾಣ ತುಸು ಹಿಂದೆ ತಾಗಿತು, ಜಿಂಕೆ ಎದ್ದು ಹೋಯಿತು. ಈಗ ಏನು ಮಾಡಲಿ?

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | ಶನಿವಾರ, ರಾತ್ರಿ 7:40

ತುರ್ತಾಗಿ ಕೇಳುತ್ತಿದ್ದೇನೆ, ಅನುಭವ ಇರುವವರು ದಯವಿಟ್ಟು ಉತ್ತರಿಸಿ. ಅಯೋವಾ ಕೌಂಟಿಯಲ್ಲಿ ಗೆಳೆಯರೊಬ್ಬರ ಜಮೀನಿದೆ. ಒಂದು ಕಡೆ ಮೆಕ್ಕೆಜೋಳ, ಇನ್ನೊಂದು ಕಡೆ ಓಕ್ ಮರಗಳ ಕಾಡು. ಮಧ್ಯಾಹ್ನ ಮೂರು ಗಂಟೆಗೇ ಅಟ್ಟಣೆ ಹತ್ತಿ ಕುಳಿತಿದ್ದೆ. 5:50ಕ್ಕೆ ಒಂದು ಹೆಣ್ಣು ಜಿಂಕೆ ಓಕ್ ಕಾಯಿ ಮೇಯುತ್ತಾ 18 ಗಜದೊಳಗೆ ಬಂತು. ಜೊತೆಯಲ್ಲಿ ಮರಿ ಇರಲಿಲ್ಲ. ಹೆದೆ ಎಳೆದು ಗುರಿ ಹಿಡಿದೆ. ಬಾಣ ಬಿಟ್ಟ ಕ್ಷಣದಲ್ಲೇ ಅದು ಒಂದು ಹೆಜ್ಜೆ ಮುಂದೆ ಇಟ್ಟಿತು. ಮುಂಗಾಲಿನ ಹಿಂದೆಯೇ ತಾಗಬೇಕಿದ್ದ ಬಾಣ ಅದಕ್ಕಿಂತ ಗೇಣು ಹಿಂದೆ ತಾಗಿತು. ಜಿಂಕೆ ಬೆನ್ನನ್ನು ಗೂನು ಮಾಡಿಕೊಂಡು ನಾಲ್ಕು ನೆಗೆತ ನೆಗೆದು, ಆಮೇಲೆ ನಿಧಾನವಾಗಿ ನಡೆದು ಹೋಯಿತು.

ಅರ್ಧ ಗಂಟೆ ಕಾದು ಇಳಿದೆ. ಬಾಣ ಪೂರ್ತಿ ಹಾದು ಹೋಗಿ ನೆಲಕ್ಕೆ ನೆಟ್ಟಿತ್ತು. ಗರಿಗೆ ಅಂಟಿದ ರಕ್ತ ಕಪ್ಪುಗೆಂಪು, ನೊರೆ ಇಲ್ಲ. ಟಾರ್ಚ್ ಹಿಡಿದು ಸುಮಾರು 80 ಗಜ ಹೋದೆ. ತರಗೆಲೆಯ ಮೇಲೆ ಅದು ಮಲಗಿದ್ದ ಗುರುತು, ಅಂಗೈಯಗಲ ರಕ್ತ. ಬಗ್ಗಿ ನೋಡುತ್ತಿರುವಾಗಲೇ ಎದುರಿನ ಪೊದೆಯಲ್ಲಿ ಎದ್ದು ಹೋದ ಸದ್ದು ಕೇಳಿಸಿತು. ನಾನು ಹೋಗಿ ಎಬ್ಬಿಸಿಬಿಟ್ಟೆ.

ಈಗ ಕಾರಿನಲ್ಲಿ ಕುಳಿತಿದ್ದೇನೆ. ಇದು ನನ್ನ ಮೊದಲ ಸೀಸನ್. ಮುಂದೆ ಹೋಗಲೇ, ಬೆಳಗಿನವರೆಗೆ ಬಿಡಲೇ? ಗುಡ್ಡದ ಆಚೆ ನರಿಯಂಥ ಕಯೋಟಿಗಳು ಕೂಗುತ್ತಿವೆ. ಕೈ ಇನ್ನೂ ನಡುಗುತ್ತಿದೆ.

ಪಿಟ್ಸ್‌ಬರ್ಗ್ ಬಿಲ್ಲುಗಾರ | 7:46

ಹೋಗಬೇಡಿ. ಕಾರಿನಿಂದ ಇಳಿಯಲೇಬೇಡಿ.

ಪಿಟ್ಸ್‌ಬರ್ಗ್ ಬಿಲ್ಲುಗಾರ | 7:58

ಈಗ ವಿವರವಾಗಿ ಬರೆಯುತ್ತೇನೆ. ಶ್ವಾಸಕೋಶಕ್ಕೆ ತಾಗಿದ್ದರೆ ರಕ್ತ ತಿಳಿಗೆಂಪಾಗಿರುತ್ತದೆ, ಸಣ್ಣ ಸಣ್ಣ ಗುಳ್ಳೆ ಇರುತ್ತದೆ. ಅಂಥ ಜಿಂಕೆ ನೂರು, ನೂರೈವತ್ತು ಗಜದೊಳಗೇ ಬೀಳುತ್ತದೆ. ನೊರೆಯಿಲ್ಲದ ಕಪ್ಪುಗೆಂಪು ರಕ್ತ ಎಂದರೆ ಹೆಚ್ಚಾಗಿ ಲಿವರ್. ಲಿವರ್‌ಗೆ ತಾಗಿದ ಜಿಂಕೆ ಖಂಡಿತ ಸಾಯುತ್ತದೆ, ಆದರೆ ಅದಕ್ಕೆ ನಾಲ್ಕು ಗಂಟೆಯಾದರೂ ಬೇಕು. ಬಿಟ್ಟರೆ ಹತ್ತಿರದಲ್ಲೇ ಮಲಗಿ ಅಲ್ಲೇ ಕಣ್ಣು ಮುಚ್ಚುತ್ತದೆ. ಬೆನ್ನು ಹತ್ತಿದರೆ ಎದ್ದು ಅರ್ಧ ಮೈಲಿ ಹೋಗುತ್ತದೆ, ರಕ್ತದ ಜಾಡೂ ನಿಂತುಹೋಗುತ್ತದೆ. ಒಮ್ಮೆ ಎಬ್ಬಿಸಿದ್ದೀರಿ, ಆಗಿದ್ದು ಆಗಿದೆ. ಇನ್ನೊಮ್ಮೆ ಎಬ್ಬಿಸಿದರೆ ಅದು ನಿಮಗೂ ಸಿಗುವುದಿಲ್ಲ, ಅದಕ್ಕೂ ನೆಮ್ಮದಿಯ ಸಾವು ಸಿಗುವುದಿಲ್ಲ. ಹನ್ನೆರಡು ಸೀಸನ್‌ಗಳಲ್ಲಿ ನಾನು ಕಳೆದುಕೊಂಡದ್ದು ಎರಡೇ ಜಿಂಕೆ. ಎರಡೂ ನನ್ನ ಆತುರದಿಂದ.

ಆಸ್ಟಿನ್ ಕನ್ನಡಿಗ | 8:05

ಒಪ್ಪುವುದಿಲ್ಲ. ಬೆಳಗಿನವರೆಗೆ ಬಿಟ್ಟರೆ ಕಯೋಟಿಗಳು ಏನನ್ನೂ ಉಳಿಸುವುದಿಲ್ಲ. ಅವು ತಿನ್ನದಿದ್ದರೂ ಮಾಂಸ ಹುಳಿಯುತ್ತದೆ. ನಮ್ಮ ಕಡೆ ಅಕ್ಟೋಬರ್‌ನಲ್ಲೂ ರಾತ್ರಿ 20 ಡಿಗ್ರಿ ಇರುತ್ತದೆ, ಎಂಟು ಗಂಟೆ ಬಿಟ್ಟರೆ ಹೊಟ್ಟೆ ಉಬ್ಬಿರುತ್ತದೆ. ಎರಡು ಗಂಟೆ ಕಾದು ಮೆಲ್ಲಗೆ ಹೋಗಿ.

ಪಿಟ್ಸ್‌ಬರ್ಗ್ ಬಿಲ್ಲುಗಾರ | 8:09

ಟೆಕ್ಸಾಸ್‌ನ ಲೆಕ್ಕವನ್ನು ವಿಸ್ಕಾನ್ಸಿನ್‌ಗೆ ಹಾಕಬೇಡಿ. ತೀರ್ಥಹಳ್ಳಿಯವರೇ, ಅಲ್ಲಿ ಈ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ?

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | 8:11

ಈಗ 6 ಇದೆ. ಬೆಳಗಿನ ಜಾವಕ್ಕೆ ಸೊನ್ನೆ, ಹಿಮ ಬೀಳುತ್ತದೆ ಎಂದಿದ್ದಾರೆ. ಮಳೆಯ ಸೂಚನೆ ಇಲ್ಲ.

ಹಾಸನದ ಪಶುವೈದ್ಯ | 8:20

ಇಲ್ಲಿ ಬೆಳಗಾಗುತ್ತಿದೆ. ನಾನು ಬೇಟೆಗಾರನಲ್ಲ, ಆದರೆ ಮೂವತ್ತು ವರ್ಷ ದನ, ಕುರಿಗಳ ಹೊಟ್ಟೆ ನೋಡಿದ್ದೇನೆ. ಜಿಂಕೆಯೂ ಮೆಲುಕು ಹಾಕುವ ಪ್ರಾಣಿ, ಒಳಗಿನ ಜೋಡಣೆ ಅದೇ. ದೊಡ್ಡ ಹೊಟ್ಟೆ ಎಡಭಾಗವನ್ನು ತುಂಬಿಕೊಂಡಿರುತ್ತದೆ, ಲಿವರ್ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆ) ಹಿಂದೆ ಬಲಕ್ಕೆ ಒತ್ತಿಕೊಂಡಿರುತ್ತದೆ. ಆದ್ದರಿಂದ ಮೊದಲು ಎರಡು ವಿಷಯ ಹೇಳಿ. ಬಾಣ ಯಾವ ಪಕ್ಕದಿಂದ ಹೊಕ್ಕಿತು? ಬಾಣವನ್ನು ಮೂಸಿದರೆ ಹುಳಿತ ಮೇವಿನ ವಾಸನೆ ಬರುತ್ತದೆಯೇ, ಹಸಿರು ಚೂರು ಅಂಟಿದೆಯೇ? ಹಾಗಿದ್ದರೆ ಹೊಟ್ಟೆಗೆ ತಾಗಿದೆ, ನಾಲ್ಕು ಗಂಟೆ ಸಾಲದು.

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | 8:27

ಬಲಗಡೆಯಿಂದ ಹೊಕ್ಕಿತು ಸರ್. ಈಗ ದೀಪದ ಕೆಳಗೆ ಮತ್ತೆ ನೋಡಿದೆ. ಮೊನೆಯ ಹತ್ತಿರ ಮಾತ್ರ ಒಂದಿಷ್ಟು ಜಿಡ್ಡು, ಸ್ವಲ್ಪ ವಾಸನೆ. ಉಳಿದ ಕಡೆ ಬರೀ ರಕ್ತ.

ಹಾಸನದ ಪಶುವೈದ್ಯ | 8:31

ಲಿವರ್ ಸೀಳಿ ಆಚೆ ಕಡೆ ಹೊಟ್ಟೆಯ ಅಂಚನ್ನು ಸವರಿಕೊಂಡು ಹೋಗಿದೆ ಎಂದು ನನ್ನ ಊಹೆ. ಪಿಟ್ಸ್‌ಬರ್ಗ್‌ನವರ ಮಾತು ಕೇಳಿ. ಚಳಿ ಇರುವುದರಿಂದ ಬೆಳಗಿನವರೆಗೆ ಬಿಡಿ.

ಮೈಸೂರು ಸಸ್ಯಾಹಾರಿ | 8:44

ಕ್ಷಮಿಸಿ, ಓದಿ ಸುಮ್ಮನಿರಲಾಗುತ್ತಿಲ್ಲ. ಬೇಕಾದ ಮಾಂಸ ಅಂಗಡಿಯಲ್ಲಿ ಸಿಗುವ ದೇಶದಲ್ಲಿದ್ದೀರಿ. ಒಂದು ಜೀವ ಕತ್ತಲಲ್ಲಿ ನರಳುತ್ತಿರುವಾಗ ನೀವೆಲ್ಲ ಎಷ್ಟು ಗಂಟೆ ಕಾಯಬೇಕು ಎಂದು ಚರ್ಚಿಸುತ್ತಿದ್ದೀರಿ. ಬಂದೂಕಾದರೆ ಒಂದೇ ಕ್ಷಣದಲ್ಲಿ ಮುಗಿಯುತ್ತಿತ್ತಲ್ಲವೇ? ಬಿಲ್ಲು ಬಾಣ ಏಕೆ ಬೇಕಿತ್ತು?

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | 8:52

ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಈಗ ನನಗೂ ಬೇರೆ ಯೋಚನೆ ಬರುತ್ತಿಲ್ಲ. ಮಾಂಸ ತಿನ್ನುವವನು ಆ ಸಾವನ್ನು ಒಮ್ಮೆಯಾದರೂ ತಾನೇ ಹೊರಬೇಕು ಎಂದುಕೊಂಡು ಕಲಿಯಲು ಹೊರಟೆ. ಏಪ್ರಿಲ್‌ನಿಂದ ದಿನಕ್ಕೆ ಐವತ್ತು ಬಾಣ ಅಭ್ಯಾಸ ಮಾಡಿದ್ದೇನೆ, 20 ಗಜದಲ್ಲಿ ಕಾಫಿ ಲೋಟದಷ್ಟು ಜಾಗದಲ್ಲೇ ಬೀಳುತ್ತಿತ್ತು. ಆದರೆ ಅಭ್ಯಾಸದ ಗುರಿ ಹೆಜ್ಜೆ ಎತ್ತಿಡುವುದಿಲ್ಲ.

ಪಿಟ್ಸ್‌ಬರ್ಗ್ ಬಿಲ್ಲುಗಾರ | 9:03

ಮೈಸೂರಿನವರೇ, ಬಂದೂಕಿನ ಗುಂಡೂ ಹಿಂದೆ ಬೀಳುತ್ತದೆ, ಅಲ್ಲಿಯೂ ಇದೇ ಕಾಯುವಿಕೆ ಇದೆ. ಸರಿಯಾಗಿ ಎರಡೂ ಶ್ವಾಸಕೋಶ ಹಾದುಹೋದ ಚೂಪಾದ ಬಾಣಕ್ಕೆ ಜಿಂಕೆ ಹತ್ತು ಹದಿನೈದು ಸೆಕೆಂಡಿನಲ್ಲಿ ಬೀಳುವುದನ್ನು ಕಣ್ಣಾರೆ ನೋಡಿದ್ದೇನೆ.

ಇಲ್ಲಿಯ ಕಾಡಿನ ಸ್ಥಿತಿಯನ್ನೂ ಹೇಳಬೇಕು. ತೋಳ, ಬೆಟ್ಟಸಿಂಹಗಳನ್ನು ಜನ ಎಂದೋ ಕೊಂದು ಮುಗಿಸಿದರು. ಪೆನ್ಸಿಲ್ವೇನಿಯಾದಲ್ಲಿ ಬೇಲಿ ಹಾಕಿದ ಕಾಡಿನ ತುಂಡಿನೊಳಗೆ ಎದೆಮಟ್ಟದ ಓಕ್ ಸಸಿಗಳಿವೆ, ಬೇಲಿಯ ಆಚೆ ಬರೀ ಜರೀಗಿಡ. ಮೊಳಕೆ ಬಂದದ್ದನ್ನೆಲ್ಲ ಜಿಂಕೆ ತಿನ್ನುತ್ತದೆ. ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ಇದನ್ನೇ ಬರೆದರು. ಅವರು ತಾವೇ ಬಿಲ್ಲು ಕೆತ್ತಿಕೊಂಡು ಬೇಟೆಗೆ ಹೋಗುತ್ತಿದ್ದವರು. 1934ರಲ್ಲಿ ಬಿಲ್ಲುಗಾರರಿಗಾಗಿಯೇ ಪ್ರತ್ಯೇಕ ಜಿಂಕೆ ಸೀಸನ್ ತೆರೆದದ್ದೂ ಅದೇ ವಿಸ್ಕಾನ್ಸಿನ್.

ಮೈಸೂರು ಸಸ್ಯಾಹಾರಿ | 9:15

ಕಾಡಿನ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಬೆಳಿಗ್ಗೆ ಸಿಕ್ಕಿತೋ ಇಲ್ಲವೋ ತಪ್ಪದೆ ಬರೆಯಿರಿ.

ಸೋಮವಾರಪೇಟೆ | 9:22

ನಮ್ಮ ತಾತನ ಕಾಲದಲ್ಲಿ ಊರಿನವರೆಲ್ಲ ಸೇರಿ ಬೇಟೆಗೆ ಹೋಗುತ್ತಿದ್ದರಂತೆ. ಕಡವೆಗೆ ಗಾಯವಾಗಿ ಕಾಡು ಸೇರಿದರೆ ಅದನ್ನು ಹುಡುಕದೆ ಮನೆಗೆ ಬಂದವನಿಗೆ ಪಾಲಿನಲ್ಲಿ ಕೈ ಇಡಲು ಬಿಡುತ್ತಿರಲಿಲ್ಲ ಎಂದು ತಾತ ಹೇಳುತ್ತಿದ್ದರು. ಈಗ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಮುಟ್ಟುವಂತಿಲ್ಲ. ಇದನ್ನು ಓದಿ ಊರಿನಲ್ಲಿ ಯಾರೂ ಬಿಲ್ಲು ಹಿಡಿದು ಹೊರಡಬಾರದು ಎಂದು ಹೇಳುತ್ತಿದ್ದೇನೆ. ಜೈಲು ಖಚಿತ. ಆ ಕಾಯ್ದೆ ಬಾರದಿದ್ದರೆ ನಮ್ಮ ಕಾಡಿನಲ್ಲಿ ಇಷ್ಟು ಪ್ರಾಣಿ ಉಳಿಯುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಓಹಾಯೋ ಹೊಸಬ | 9:30

ವಿಷಯ ಬದಲಿಸುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ನನಗೂ ಬಿಲ್ಲಿನ ಬೇಟೆಗೆ ಅವಕಾಶ ಇದೆಯೇ?

ಪಿಟ್ಸ್‌ಬರ್ಗ್ ಬಿಲ್ಲುಗಾರ | 9:38

ಇದೆ. ವೀಸಾದವರು ಬಂದೂಕು ಇಟ್ಟುಕೊಳ್ಳಲು ಫೆಡರಲ್ ಕಾನೂನಿನ ತಡೆ ಇದೆ, ಬೇಟೆ ಪರವಾನಗಿ ಪಡೆದವರಿಗೆ ಅದರಲ್ಲಿ ವಿನಾಯಿತಿಯೂ ಇದೆ. ಬಿಲ್ಲು ಆ ಕಾನೂನಿನಲ್ಲಿ ಬಂದೂಕಿನ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ರಾಜ್ಯದ ಬೇಟೆ ಶಿಕ್ಷಣದ ತರಗತಿ ಮುಗಿಸಿ ಪರವಾನಗಿ ತೆಗೆದುಕೊಳ್ಳಿ. ಬಿಲ್ಲಿಗಿಂತ ಮೊದಲು ಮೈಗೆ ಕಟ್ಟಿಕೊಳ್ಳುವ ಒಳ್ಳೆಯ ಹಾರ್ನೆಸ್ ಕೊಳ್ಳಿ. ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ಬಲ್ಲೆ. ನೆಲ ಬಿಡುವ ಮೊದಲೇ ಹಗ್ಗಕ್ಕೆ ಕೊಂಡಿ ಹಾಕಬೇಕು, ಮೇಲೆ ಹೋಗಿ ಅಲ್ಲ. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತಬಾರದು, ಕುಳಿತ ಮೇಲೆ ದಾರದಿಂದ ಎಳೆದುಕೊಳ್ಳಬೇಕು.

ಶಾಸನಪ್ರಿಯ | 9:55

ರಕ್ತದ ಜಾಡು ಹಿಡಿಯುವ ನಾಯಿ ಯಾರ ಬಳಿಯಾದರೂ ಇದೆಯೇ ವಿಚಾರಿಸಿ. ಬೇಟೆನಾಯಿ ಎಂದಾಗಲೆಲ್ಲ ನನಗೆ ಆತಕೂರು ಶಾಸನ ನೆನಪಾಗುತ್ತದೆ. ಮದ್ದೂರು ತಾಲ್ಲೂಕಿನ ಊರು, ಕ್ರಿ.ಶ. 949ರ ಸುಮಾರಿನ ಕಲ್ಲು. ಮಣಲೇರ ಎಂಬ ವೀರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ರಾಜನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದ್ದಷ್ಟೇ ಅಲ್ಲ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿದೆ. ಮೇಲೆ ಹಂದಿಗೂ ನಾಯಿಗೂ ನಡೆಯುತ್ತಿರುವ ಕಾದಾಟದ ಕೆತ್ತನೆ ಇದೆ, ಹೋದವರು ತಪ್ಪದೆ ನೋಡಿ.

ಪಿಟ್ಸ್‌ಬರ್ಗ್ ಬಿಲ್ಲುಗಾರ | 10:02

ನಾಯಿಯ ಸಲಹೆ ಒಳ್ಳೆಯದು. ವಿಸ್ಕಾನ್ಸಿನ್‌ನಲ್ಲಿ ಹಗ್ಗ ಕಟ್ಟಿದ ನಾಯಿಯಿಂದ ಜಾಡು ಹಿಡಿಸಬಹುದು. ಇನ್ನೊಂದು ಮಾತು: ಜಿಂಕೆ ಪಕ್ಕದ ಜಮೀನಿಗೆ ದಾಟಿದ್ದರೆ ಮಾಲೀಕರನ್ನು ಕೇಳದೆ ಬೇಲಿ ದಾಟಬೇಡಿ. ಸತ್ತ ಜಿಂಕೆಯನ್ನು ತರುವುದಕ್ಕೂ ಅಲ್ಲಿ ಅನುಮತಿ ಬೇಕು.

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | ಭಾನುವಾರ, ಬೆಳಿಗ್ಗೆ 11:20

ಸಿಕ್ಕಿತು.

ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಕು ಹರಿಯುವಾಗ ಹೋದೆ. ನಿನ್ನೆ ಅದು ಮಲಗಿದ್ದ ಜಾಗದಲ್ಲಿ ಕರವಸ್ತ್ರ ಕಟ್ಟಿ ಬಂದಿದ್ದೆ, ಅಲ್ಲಿಂದ ಶುರು ಮಾಡಿದೆ. ನೆಲದ ಮೇಲೆಲ್ಲ ಹಿಮದ ಪುಡಿ ಕೂತು ರಕ್ತ ಎದ್ದು ಕಾಣುತ್ತಿರಲಿಲ್ಲ. ಮೊಣಕಾಲೂರಿ ಒಂದೊಂದೇ ಎಲೆ ತಿರುಗಿಸಿದೆ. ಇಪ್ಪತ್ತು ಗಜಕ್ಕೆ ಕಾಳುಮೆಣಸಿನಷ್ಟು ಒಂದು ಹನಿ, ಮತ್ತೆ ಹನ್ನೆರಡು ಗಜಕ್ಕೆ ಹುಲ್ಲಿನ ಗರಿಯ ಪಕ್ಕಕ್ಕೆ ಸವರಿದ ಒಂದು ಗೆರೆ. ಆ ಗೆರೆ ನನ್ನ ಸೊಂಟದ ಕೆಳಗಿನ ಎತ್ತರದಲ್ಲಿತ್ತು, ಅದರಿಂದ ಇದೇ ದಾರಿ ಎಂದು ಗೊತ್ತಾಯಿತು. ಬೇಲಿಯವರೆಗೆ ಹೋಗಿ ಜಾಡು ನಿಂತಿತು. ತಂತಿಯಲ್ಲಿ ನಾಲ್ಕು ಬಿಳಿ ಕೂದಲು.

ಪಕ್ಕದ ಜಮೀನಿನ ಅಜ್ಜಿಯ ಮನೆ ಬಾಗಿಲು ತಟ್ಟಿದೆ. ಎಂಬತ್ತರ ಮೇಲಿನ ವಯಸ್ಸು. ನನ್ನ ಮುಖ ನೋಡಿದವರೇ ಕೋಟು ಹಾಕಿಕೊಂಡು ಜೊತೆಗೆ ಬಂದರು. ಗಾಯವಾದದ್ದು ನೀರಿನ ಕಡೆ ಇಳಿಯುತ್ತದೆ ಎಂದು ಹೇಳಿ ಹಳ್ಳದ ಕಡೆ ಕೈ ತೋರಿಸಿದರು. ಬೇಲಿಯಿಂದ ಅರವತ್ತು ಗಜದಲ್ಲಿ, ಬಿದ್ದ ಮರದ ಮಗ್ಗುಲಲ್ಲಿ ಮಲಗಿತ್ತು. ತಲೆ ಮುಂಗಾಲಿನ ಮೇಲೆ. ಕಣ್ಣು ತೆರೆದಿತ್ತು, ರೆಪ್ಪೆಯ ಕೂದಲಿಗೆ ಹಿಮ ಹಿಡಿದಿತ್ತು. ಕಯೋಟಿ ಮುಟ್ಟಿರಲಿಲ್ಲ. ನಾನು ಅದರ ಪಕ್ಕದಲ್ಲಿ ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಅಜ್ಜಿ ಮಾತಾಡದೆ ಸ್ವಲ್ಪ ದೂರ ನಿಂತಿದ್ದರು.

ಪಶುವೈದ್ಯ ಸರ್, ನೀವು ಹೇಳಿದ್ದೇ ಸರಿ. ಲಿವರ್ ಎರಡಾಗಿ ಸೀಳಿತ್ತು, ಹೊಟ್ಟೆಯ ತುದಿಯಲ್ಲಿ ಒಂದು ಬೆರಳಿನಷ್ಟು ಗಾಯ. ಒಳಗೆ ಇನ್ನೂ ಬೆಚ್ಚಗಿತ್ತು, ಕೆಟ್ಟ ವಾಸನೆ ಇರಲಿಲ್ಲ. ಫೋನಿನಲ್ಲಿ ಬೇಟೆಯ ನೋಂದಣಿ ಮುಗಿಸಿದೆ.

ಮೈಸೂರು ಸಸ್ಯಾಹಾರಿ | 11:31

ಸಿಕ್ಕಿತಲ್ಲ, ಸಮಾಧಾನವಾಯಿತು. ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಮಂಡ್ಯದ ಮಗಳು, ಮಿಷಿಗನ್ | 11:50

ತಮ್ಮಾ, ಈಗ ಅಡುಗೆಯ ಯೋಚನೆಗೆ ಮೊದಲು ಒಂದು ಕೆಲಸ ಇದೆ. ಅಯೋವಾ ಕೌಂಟಿ ಎಂದಿರಲ್ಲ, ಅದು ಸಿ.ಡಬ್ಲ್ಯೂ.ಡಿ. (ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ರೋಗ) ಹೆಚ್ಚಾಗಿರುವ ಪ್ರದೇಶ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಮೊದಲು ಕಂಡದ್ದು ಆ ಸುತ್ತಲಲ್ಲೇ. ಪರೀಕ್ಷೆ ಮಾಡಿಸದೆ ಒಂದು ತುಂಡನ್ನೂ ಬಾಯಿಗೆ ಹಾಕಬೇಡಿ. ತಲೆಯನ್ನು ಕತ್ತಿನ ಸ್ವಲ್ಪ ಭಾಗದ ಸಮೇತ ಅರಣ್ಯ ಇಲಾಖೆಯವರ ಪೆಟ್ಟಿಗೆಯಲ್ಲಿ ಇಟ್ಟು ಬನ್ನಿ. ಗಂಟಲ ಹಿಂದಿನ ಗ್ರಂಥಿ ತೆಗೆದು ಪರೀಕ್ಷಿಸುತ್ತಾರೆ. ದುಡ್ಡು ಕೊಡಬೇಕಿಲ್ಲ.

ಆಸ್ಟಿನ್ ಕನ್ನಡಿಗ | 12:04

ಆ ರೋಗ ಮನುಷ್ಯನಿಗೆ ಬಂದ ಉದಾಹರಣೆಯೇ ಇಲ್ಲ. ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ. ವಿನಾಕಾರಣ ಹೆದರಿಸಬೇಡಿ.

ಹಾಸನದ ಪಶುವೈದ್ಯ | 12:15

ಮೊದಲ ಮಾತು ನಿಜ, ಎರಡನೆಯದು ತಪ್ಪು. ಮನುಷ್ಯನಿಗೆ ತಗುಲಿದ ಖಚಿತ ಪ್ರಕರಣ ಇದುವರೆಗೆ ಇಲ್ಲ. ಆದರೆ ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ ರೂಪ ಕೆಟ್ಟ ಪ್ರೋಟೀನು. ಕುಕ್ಕರಿನಲ್ಲಿ ಎಷ್ಟು ಕೂಗಿಸಿದರೂ ಅದು ನಾಶವಾಗುವುದಿಲ್ಲ. ಬ್ರಿಟನ್ನಿನಲ್ಲಿ ಹುಚ್ಚು ದನದ ರೋಗ ಮನುಷ್ಯರಿಗೆ ದಾಟಿದ್ದನ್ನು ನನ್ನ ತಲೆಮಾರಿನ ಪಶುವೈದ್ಯರು ಮರೆತಿಲ್ಲ, ಅದೂ ಇದೇ ಜಾತಿಯ ರೋಗ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯವರೇ ರೋಗ ಕಂಡ ಜಿಂಕೆಯನ್ನು ತಿನ್ನಬೇಡಿ ಎನ್ನುತ್ತಾರೆ. ಪರೀಕ್ಷೆ ಪುಕ್ಕಟೆ ಇರುವಾಗ ವಾದ ಏಕೆ? ಕತ್ತರಿಸುವಾಗ ಬೆನ್ನುಮೂಳೆಗೆ ಗರಗಸ ಹಾಕಬೇಡಿ, ಮಾಂಸವನ್ನು ಮೂಳೆಯಿಂದ ಬಿಡಿಸಿಕೊಳ್ಳಿ.

ಆಸ್ಟಿನ್ ಕನ್ನಡಿಗ | 12:22

ಸರಿ ಸರ್, ಬೇಯಿಸುವ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಿತ್ತು.

ಮಂಡ್ಯದ ಮಗಳು, ಮಿಷಿಗನ್ | 12:40

ಕೊಯ್ಯುವುದನ್ನು ನೀವೇ ಮಾಡಿ. ನಾನು ಮೊದಲ ವರ್ಷ ಒಂದು ಅಂಗಡಿಗೆ ಕೊಟ್ಟೆ, ಬಂದ ಕೈಮಾದಲ್ಲಿ ಯಾರ ಯಾರ ಜಿಂಕೆ ಬೆರೆತಿತ್ತೋ ಹೇಳುವವರಿಲ್ಲ. ಸಣ್ಣ ಚೂಪಾದ ಚಾಕು ಸಾಕು. ಬೆನ್ನಿನ ಎರಡು ಪಟ್ಟಿ ಮೊದಲು, ಆಮೇಲೆ ತೊಡೆ. ತೊಡೆಯ ಸ್ನಾಯುಗಳು ಬೆರಳಿಟ್ಟರೆ ತಾವೇ ಬೇರೆ ಬೇರೆಯಾಗುತ್ತವೆ. ಮೇಲಿನ ಬೆಳ್ಳಿ ಬಣ್ಣದ ಪೊರೆಯನ್ನೂ ಕೊಬ್ಬನ್ನೂ ಪೂರ್ತಿ ತೆಗೆಯಿರಿ. ಕುರಿಯ ಕೊಬ್ಬು ರುಚಿ ಕೊಡುತ್ತದೆ, ಜಿಂಕೆಯದು ಮೇಣದ ಹಾಗೆ ಅಂಗುಳಿಗೆ ಅಂಟುತ್ತದೆ. ಕಾಡಿನ ವಾಸನೆ ಎಂದು ಜನ ಮೂಗು ಮುರಿಯುವುದು ಈ ಕೊಬ್ಬಿಗೆ.

ಸೋಮವಾರಪೇಟೆ | 1:05

ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಇದ್ದರೆ ಪಂದಿಕರಿಯ ಮಸಾಲೆಯಲ್ಲೇ ಮಾಡಿ. ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯ ಕಪ್ಪಗೆ ಹುರಿದು ಪುಡಿ ಮಾಡಿ, ಕಾಚಂಪುಳಿ ಕೊನೆಗೆ.

ಮಂಡ್ಯದ ಮಗಳು, ಮಿಷಿಗನ್ | 1:12

ಪಂದಿಕರಿಯ ಮಸಾಲೆ ಹಂದಿಯ ಕೊಬ್ಬಿಗಾಗಿ ಹುಟ್ಟಿದ್ದು ಅಣ್ಣ. ಜಿಂಕೆಯಲ್ಲಿ ಕೊಬ್ಬೇ ಇಲ್ಲ, ಅಷ್ಟು ಹುಳಿ, ಕರಿ ಹಾಕಿದರೆ ಮಾಂಸದ ರುಚಿ ಅಡಗುತ್ತದೆ. ಭುಜದ ತುಂಡುಗಳಿಗೆ ಹಸಿ ತೆಂಗಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ ಲವಂಗ ರುಬ್ಬಿ ಸಾರು ಮಾಡಿ, ಮುದ್ದೆ ಕಟ್ಟಿ. ಬೆನ್ನಿನ ಪಟ್ಟಿಗೆ ಉಪ್ಪು, ಮೆಣಸು, ತುಪ್ಪ ಬಿಟ್ಟು ಬೇರೆ ಏನೂ ಬೇಡ. ಕಾದ ಕಬ್ಬಿಣದ ಕಾವಲಿ, ಎರಡು ಕಡೆ ಎರಡೆರಡು ನಿಮಿಷ.

ಸೋಮವಾರಪೇಟೆ | 1:15

ಅಕ್ಕಾ, ನಮ್ಮ ಅಜ್ಜಿ ಕಡವೆಗೂ ಕಾಚಂಪುಳಿಯನ್ನೇ ಹಾಕುತ್ತಿದ್ದದ್ದು. ಈ ವಿಷಯದಲ್ಲಿ ನಾನು ಸೋಲೊಪ್ಪುವುದಿಲ್ಲ.

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | ಹನ್ನೊಂದು ದಿನಗಳ ನಂತರ

ಫಲಿತಾಂಶ ಬಂತು, ರೋಗ ಕಂಡುಬಂದಿಲ್ಲ. ಒಟ್ಟು 21 ಕಿಲೋ ಮಾಂಸ ಸಿಕ್ಕಿತ್ತು, ಪರೀಕ್ಷೆ ಮುಗಿಯುವವರೆಗೆ ಫ್ರೀಜರಿನಲ್ಲಿ ಬೇರೆಯಾಗಿ ಇಟ್ಟಿದ್ದೆ. ಗಾಯದ ಸುತ್ತಲಿನ ಪಕ್ಕೆಯನ್ನು ಬಿಸಾಡಬೇಕಾಯಿತು, ಲಿವರನ್ನೂ ಬಿಟ್ಟೆ.

ನಿನ್ನೆ ಬೆನ್ನಿನ ಪಟ್ಟಿಯನ್ನು ಅಕ್ಕ ಹೇಳಿದ ಹಾಗೆಯೇ ಮಾಡಿದೆ. ಕಾವಲಿಯಿಂದ ತೆಗೆದು ಐದು ನಿಮಿಷ ಬಿಟ್ಟು ಕೊಯ್ದರೆ ಒಳಗೆ ದಾಳಿಂಬೆಯ ಬಣ್ಣ. ಭುಜದ ಅರ್ಧಕ್ಕೆ ತೆಂಗಿನಕಾಯಿ ಸಾರು, ಇನ್ನರ್ಧಕ್ಕೆ ಕಾಚಂಪುಳಿ. ಸೋಮವಾರಪೇಟೆಯವರೇ, ನನ್ನ ಹೆಂಡತಿಯ ಮತ ನಿಮಗೆ, ನನ್ನದು ಮಂಡ್ಯಕ್ಕೆ. ಒಂದು ತೊಡೆಯನ್ನು ಪಕ್ಕದ ಜಮೀನಿನ ಅಜ್ಜಿಗೆ ಕೊಟ್ಟು ಬಂದೆ. ಮುಂದಿನ ವರ್ಷ ತಮ್ಮ ಹಳ್ಳದ ಬದಿಯಲ್ಲೂ ಅಟ್ಟಣೆ ಹಾಕಿಕೊಳ್ಳಲು ಹೇಳಿದ್ದಾರೆ.

ಓಹಾಯೋ ಹೊಸಬ | ಅದೇ ದಿನ

ಉಳಿದ ಮಾಂಸವನ್ನು ಮಾರಬಹುದೇ?

ಪಿಟ್ಸ್‌ಬರ್ಗ್ ಬಿಲ್ಲುಗಾರ

ಇಲ್ಲ, ಬೇಟೆಯ ಮಾಂಸ ಮಾರುವಂತಿಲ್ಲ. ಹೋಟೆಲಿನಲ್ಲಿ ಸಿಗುವ ಜಿಂಕೆ ಮಾಂಸ ಸಾಕಿದ್ದು, ಬಹಳಷ್ಟು ನ್ಯೂಜಿಲೆಂಡಿನದು. ಆದರೆ ದಾನ ಕೊಡಬಹುದು. ನಮ್ಮ ರಾಜ್ಯದಲ್ಲಿ ಬೇಟೆಗಾರರು ಕೊಟ್ಟ ಮಾಂಸವನ್ನು ಬಡವರ ಆಹಾರ ಕೇಂದ್ರಗಳಿಗೆ ಮುಟ್ಟಿಸುವ ವ್ಯವಸ್ಥೆ ಇದೆ, ನಾನು ಪ್ರತಿ ವರ್ಷ ಒಂದು ಜಿಂಕೆಯನ್ನು ಅದಕ್ಕೆ ಕೊಡುತ್ತೇನೆ.

ಮೈಸೂರು ಸಸ್ಯಾಹಾರಿ

ತೀರ್ಥಹಳ್ಳಿಯವರೇ, ಮತ್ತೆ ಅಟ್ಟಣೆ ಹತ್ತುತ್ತೀರಾ? ಜಗಳಕ್ಕೆ ಕೇಳುತ್ತಿಲ್ಲ.

ತೀರ್ಥಹಳ್ಳಿಯವ, ವಿಸ್ಕಾನ್ಸಿನ್ | ನವೆಂಬರ್ 9

ಹತ್ತಿದೆ. ಎರಡು ವಾರ ಬಿಲ್ಲು ಮುಟ್ಟಿರಲಿಲ್ಲ. ಆಮೇಲೆ ಗೆಳೆಯರೊಬ್ಬರು ಗುರಿಯ ಚೀಲವನ್ನು ಹಗ್ಗದಲ್ಲಿ ತೂಗುಬಿಟ್ಟು ಅಲ್ಲಾಡಿಸುತ್ತಿದ್ದರು, ಅದು ನಿಂತಾಗ ಮಾತ್ರ ಬಾಣ ಬಿಡುವ ಅಭ್ಯಾಸ ಮಾಡಿದೆ.

ಈಗ ಬೆದೆಯ ಕಾಲ. ನಿನ್ನೆ ಬೆಳಿಗ್ಗೆ ಎಂಟು ಕವಲಿನ ದೊಡ್ಡ ಗಂಡು ಜಿಂಕೆ ಮೂಗನ್ನು ನೆಲಕ್ಕೆ ಹಚ್ಚಿ ಹೆಣ್ಣಿನ ಜಾಡು ಹಿಡಿದು ಬಂತು. ಹದಿನೈದು ಗಜ. ಹೆದೆ ಎಳೆದು ಹಿಡಿದೆ, ಬಾಯಿಂದ ಸಣ್ಣಗೆ ಸದ್ದು ಮಾಡಿದೆ. ನಿಲ್ಲಲಿಲ್ಲ. ಇನ್ನೊಮ್ಮೆ ಸದ್ದು ಮಾಡಿದೆ. ಆಗಲೂ ನಡೆಯುತ್ತಲೇ ಇತ್ತು. ತೋಳು ಸೋಲುವವರೆಗೆ ಹಿಡಿದಿದ್ದು ಹೆದೆಯನ್ನು ಮೆಲ್ಲಗೆ ಸಡಿಲಿಸಿದೆ. ಅದು ಜೋಳದ ಹೊಲ ದಾಟಿ ಹೋಯಿತು.

ನಾಳೆ ಗಾಳಿ ವಾಯವ್ಯದಿಂದ ಎಂದಿದ್ದಾರೆ, ನನ್ನ ವಾಸನೆ ಜಿಂಕೆಯ ಕಡೆ ಹೋಗದಿರಲು ಆ ಮರಕ್ಕೆ ಅದೇ ಬೇಕು.

ಮಂಡ್ಯದ ಮಗಳು, ಮಿಷಿಗನ್

ಕಾಲುಗಳನ್ನು ಫ್ರೀಜರಿನಲ್ಲಿ ಇಟ್ಟಿದ್ದೀರಲ್ಲ? ಚಳಿ ಹೆಚ್ಚಾದ ದಿನ ಸೂಪು ಮಾಡಿ. ಮೆಣಸನ್ನು ಇಳಿಸುವಾಗ ಕುಟ್ಟಿ ಹಾಕಿ, ಮೊದಲೇ ಹಾಕಿದರೆ ಕಹಿಯಾಗುತ್ತದೆ.